ಟ್ರೈಲರ್ ಅಂಗಳ ಬಿಡುವ ಮುಂಚೆ

ದೀಪಾವಳಿಗೆ ಮುಳ್ಳೇರಿಯದ ನಮ್ಮ ಮನೆಯಲ್ಲಿ ಇಪ್ಪತ್ತೆರಡು ಜನ ಸೇರುತ್ತೇವೆ. ಪಾಡ್ಯದ ಮರುದಿನ ಭಾವನ ಟ್ರೈಲರನ್ನು ಜೀಪಿಗೆ ಕಟ್ಟಿ ಮಡಿಕೇರಿಗೆ ಹೊರಡುವುದು.

ಮಳೆಗಾಲವಿಡೀ ಹಟ್ಟಿ ಪಕ್ಕ ನಿಂತ ಗಾಡಿ ಅಲ್ವಾ, ಮೊದಲು ಟಯರ್ ನೋಡಿ. ಹೊಸದರ ಹಾಗೆ ಕಂಡರೂ ಬದಿಯ ನಾಲ್ಕು ಅಂಕಿ ಓದಿ. 3218 ಅಂದರೆ 2018ರ 32ನೇ ವಾರ ತಯಾರಾದದ್ದು. ನಾನಾದರೆ ಬದಲಿಸಿಬಿಡುತ್ತೇನೆ.

ಜಗಳ ಬರುವುದು ಸಾಮಾನು ತುಂಬುವಾಗ. ಅತ್ತೆಗೆ ಗ್ರೈಂಡರ್ ಹಿಂದಿನ ಬಾಗಿಲ ಹತ್ತಿರವೇ ಬೇಕು. ಬೇಡ. ಭಾರದಲ್ಲಿ ನೂರಕ್ಕೆ 60ರಷ್ಟು ಚಕ್ರದ ಅಚ್ಚಿನ ಮುಂದಿರಲಿ. ಹಿಂದೆ ಜಾಸ್ತಿಯಾದರೆ ಟ್ರೈಲರ್ ಬಾಲ ಆಡಿಸುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಒಮ್ಮೆ ಅನುಭವಿಸಿದ್ದೇನೆ, ಸಾಕು.

ಟ್ರೈಲರಿನ ಎರಡು ಸುರಕ್ಷತಾ ಸರಪಳಿಗಳನ್ನೂ ಜೀಪಿಗೆ ಜೋಡಿಸುವ ಕೊಕ್ಕೆಯ ಕೆಳಗೆ ಅಡ್ಡಡ್ಡ ದಾಟಿಸಿ ಕಟ್ಟಿ. ಟ್ರೈಲರಿನ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ. ಸುಳ್ಯದಲ್ಲಿ ಚಹಾಕ್ಕೆ ನಿಂತಾಗ ಚಕ್ರದ ನಟ್ಟು ಇನ್ನೊಮ್ಮೆ ಬಿಗಿ ಮಾಡಿ. ಹಲಸಿನ ಹಪ್ಪಳದ ಡಬ್ಬಿ ಮಾತ್ರ ಜೀಪಿನಲ್ಲೇ ಇರಲಿ.