ಹಳೇ ಹಾಯಿದೋಣಿಯ ವರ್ಗ ಪತ್ತೆಯಾದದ್ದು ಹೀಗೆ

ಹಾಸನದ ಗೊರೂರು ಹಿನ್ನೀರಿನ ಬಳಿಯ ಶೆಡ್ಡಿನಲ್ಲಿದ್ದ ಪ್ಲೈವುಡ್ ಡಿಂಗಿಗೆ, ಅಂದರೆ ಸಣ್ಣ ಹಾಯಿದೋಣಿಗೆ, ಹೊಸ ಹಾಯಿ ಹೊಲಿಸಬೇಕಿತ್ತು. ವರ್ಗ, ಅಂದರೆ ಯಾವ ವಿನ್ಯಾಸದ ದೋಣಿ ಎಂದು ತಿಳಿಯದೆ ಹಾಯಿಯ ಅಳತೆ ಕೊಡಲಾಗದು. ಜೊತೆಗಿದ್ದ ಹರಕು ಹಾಯಿಯ ಮೇಲೆ ಗಂಟೆಯ ಚಿತ್ರವಿತ್ತು, ಅದು ಜಿಪಿ 14 ಎಂಬ ವರ್ಗದ ಗುರುತು. ಆದರೆ ಹಾಯಿಯನ್ನು ನಂಬಿ ಕೂರಬೇಡಿ. ಹಾಯಿ ಒಂದು ದೋಣಿಯಿಂದ ಇನ್ನೊಂದಕ್ಕೆ ಹೋಗುತ್ತದೆ, ಒಡಲು ಹೋಗುವುದಿಲ್ಲ.

ಮೊದಲ ಅಳತೆ 4.15 ಮೀಟರ್ ಬಂತು. ಜಿಪಿ 14 ಇರಬೇಕಾದದ್ದು 4.27. ಎಡವಟ್ಟಾದದ್ದು ಟೇಪಿನಲ್ಲಿ: ಡೆಕ್ಕಿನ ಉಬ್ಬಿನ ಮೇಲೆ ಎಳೆದಿದ್ದೆ, ಚುಕ್ಕಾಣಿ ಸಿಕ್ಕಿಸುವ ಹಿತ್ತಾಳೆ ತುಂಡನ್ನೂ ಸೇರಿಸಿಬಿಟ್ಟಿದ್ದೆ. ದೋಣಿಯನ್ನು ಸಮತಟ್ಟಾಗಿ ಕೂರಿಸಿ, ಮೂತಿಯಿಂದಲೂ ಹಿಂಬದಿಯ ಹಲಗೆಯಿಂದಲೂ ಗಾರೆಯವರ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಅಳೆದೆ. 4.04 ಬಂತು. ಅಗಲ 1.60.

ಇದು ಎಂಟರ್‌ಪ್ರೈಸ್‌ನ ಅಳತೆ. ಜ್ಯಾಕ್ ಹೋಲ್ಟ್ 1956ರಲ್ಲಿ ವಿನ್ಯಾಸ ಮಾಡಿದ, ನೀಲಿ ಹಾಯಿಯ ದೋಣಿ. ಜಿಪಿ 14 ಕೂಡ ಅವರದೇ ಆದ್ದರಿಂದ ಗೊಂದಲ ಸಹಜ. ಖಾತ್ರಿಗೆ, ಅಂಚಿನಿಂದ ತಳದವರೆಗೆ ಅಂಗೈ ಸವರಿ: ನಡುವೆ ಎರಡು ಮೂಲೆಗಳು ಸಿಕ್ಕಬೇಕು. ಸಿಕ್ಕವು.

ಒಳಗಿನ ಮರದಲ್ಲಿ ಸಂಖ್ಯೆ ಕೆತ್ತಿರಬಹುದು. ಬಣ್ಣ ಕೆರೆಯಬೇಡಿ, ತೆಳುವಾದ ಕೆತ್ತನೆಯೂ ಕಿತ್ತುಬರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಬಣ್ಣದ ಮೂರು ಪದರದಡಿಯಿಂದ ಅಂಕಿಗಳು ಬೆಳ್ಳಗೆ ಮೂಡಿದವು. ವರ್ಗದ ಸಂಘವನ್ನು ವಿಚಾರಿಸುವಾಗ ಈ ಸಂಖ್ಯೆ, ಎರಡು ಅಳತೆ, ಹಿಂಬದಿಯ ಹಲಗೆಯ ಫೋಟೊ ಒಟ್ಟಿಗೆ ಕಳಿಸಿ.