ಹಳೇ ಬಾತ್‌ಟಬ್‌ಗೆ ಕೋಟಿಂಗ್ ಹೊಡೆಯೋ ಮುಂಚೆ

ಟಬ್ ಮಂಕಾಯ್ತು, ಅಲ್ಲಲ್ಲಿ ಚಕ್ಕೆ ಎದ್ದಿದೆ ಅಂದ ತಕ್ಷಣ ಎಲ್ರೂ ಕೇಳೋದು ಯಾವ ಕಿಟ್ ತರ್ಲಿ ಅಂತ. ಕಿಟ್ ಆಮೇಲಾಯ್ತು, ಮೊದ್ಲು ಒಂದು ಅಯಸ್ಕಾಂತ ಇಟ್ಟು ನೋಡಿ. ಕಚ್ಕೊಂಡ್ರೆ ಒಳಗೆ ಕಬ್ಬಿಣನೋ ಸ್ಟೀಲೋ ಇದೆ, ಮೇಲಿರೋದು ಎನಾಮೆಲ್, ಅಂದ್ರೆ ಗಾಜಿನಂಥ ಗಟ್ಟಿ ಲೇಪ. ಕಚ್ಕೊಳ್ದೆ, ತಟ್ಟಿದ್ರೆ ಟೊಳ್ಳು ಸದ್ದು ಬಂದ್ರೆ ಅಕ್ರಿಲಿಕ್ಕೋ ಫೈಬರ್‌ಗ್ಲಾಸೋ ಇರುತ್ತೆ. ಅಕ್ರಿಲಿಕ್ಕಿನ ಸಣ್ಣ ಗೀರಿಗೆಲ್ಲ ಕೋಟಿಂಗೇ ಬೇಡ, 800ರ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜೋ ಮರಳು ಕಾಗದ, ನಂಬರ್ ಜಾಸ್ತಿ ಆದಷ್ಟೂ ನಯ) ಶುರು ಮಾಡಿ 2000ದವರೆಗೆ ನೀರು ಹಾಕ್ಕೊಂಡು ತಿಕ್ಕಿ ಪಾಲಿಶ್ ಕೊಟ್ರೆ ಹೊಳಪು ಬಂದ್ಬಿಡುತ್ತೆ, ಆದ್ರೆ ಅದ್ರ ಮೇಲೆ ಅಸಿಟೋನ್ ಮಾತ್ರ ಹಾಕ್ಬೇಡಿ, ಮೈಯೇ ಕರಗುತ್ತೆ.

ಎನಾಮೆಲ್ ಟಬ್‌ಗೆ ಎರಡು ಡಬ್ಬಿ ಬೆರೆಸಿ ಹಚ್ಚೋ ಎಪಾಕ್ಸಿ (ಬೆರೆಸಿದ ಮೇಲೆ ಗಟ್ಟಿಯಾಗೋ ರಾಳ) ಕೋಟಿಂಗ್ ಬರುತ್ತೆ, ಹಚ್ಚೋದೇನೂ ದೊಡ್ಡ ವಿಷಯ ಅಲ್ಲ, ಬೆವರು ಹರಿಯೋದೆಲ್ಲ ಅದಕ್ಕೆ ಮುಂಚೆನೇ. ಟಬ್ಬಿಗೂ ಗೋಡೆಗೂ ನಡುವಿನ ಸಂದಿಗೆ ತುಂಬಿರೋ ರಬ್ಬರಿನಂಥ ಹಳೇ ಸಿಲಿಕೋನ್ ಒಂದು ಎಳೆನೂ ಬಿಡದಂಗೆ ಕೆತ್ತಿ ತೆಗೀರಿ, ಉಳ್ಕೊಂಡ ಕಡೆ ಪೇಂಟ್ ಹಿಡಿಯೋದೇ ಇಲ್ಲ. ಸೋಪಿನ ಜಿಡ್ಡು ಕಣ್ಣಿಗೆ ಕಾಣಲ್ಲ, ತೊಳೆದ ಮೇಲೆ ನೀರು ಸುರಿದು ನೋಡಿ, ನೀರು ಹಾಳೆ ಥರ ಹರಡಿ ಇಳಿದ್ರೆ ಸರಿ, ಮುತ್ತು ಮುತ್ತಾಗಿ ನಿಂತ್ರೆ ಅಲ್ಲಿ ಜಿಡ್ಡು ಇನ್ನೂ ಇದೆ ಅಂತ್ಲೇ, ಮತ್ತೆ ತಿಕ್ಕಿ. ತುಕ್ಕು ಕೆರೆದು ಗುಂಡಿಗೆ ಎಪಾಕ್ಸಿ ಪುಟ್ಟಿ ತುಂಬಿ, ಆಮೇಲೆ ಇಡೀ ಮೈಯನ್ನ 400ರ ಪೇಪರ್‌ನಲ್ಲಿ ಹೊಳಪು ಹೋಗೋವರೆಗೆ ಉಜ್ಜಿ. ಒಣದಾಗಿ ಉಜ್ಬೇಡಿ, ಹಳೇ ಎನಾಮೆಲ್‌ನಲ್ಲಿ ಸೀಸ ಇರ್ಬಹುದು, ಧೂಳು ಏಳಬಾರ್ದು. ನಲ್ಲಿ ತೊಟ್ಟಿಕ್ತಿದ್ರೆ ಅದನ್ನ ಮೊದ್ಲೇ ರಿಪೇರಿ ಮಾಡ್ಸಿ, ಹಸಿ ಕೋಟಿಂಗ್ ಮೇಲೆ ಒಂದು ಹನಿ ಬಿದ್ರೂ ಮುಗೀತು.

ವಾಸನೆ ವಿಷಯ ಸ್ವಲ್ಪ ಜೋರಾಗೇ ಹೇಳ್ತೀನಿ. ಹಳೇ ಕೋಟಿಂಗ್ ಕೀಳೋಕೆ ಮೆಥಿಲೀನ್ ಕ್ಲೋರೈಡ್ ಇರೋ ರಿಮೂವರ್ ಬಳಸಿ ಬಾತ್‌ರೂಮಲ್ಲೇ ಜೀವ ಕಳ್ಕೊಂಡ ಕೆಲಸಗಾರರಿದ್ದಾರೆ, ಅದರ ಆವಿ ಗಾಳಿಗಿಂತ ಭಾರ, ಟಬ್ ಒಳಗೇ ಕೂತಿರುತ್ತೆ, ಬಗ್ಗಿ ಕೆರೀತಿರೋರು ಅದನ್ನೇ ಉಸಿರಾಡ್ತಾರೆ. ಅಮೆರಿಕದಲ್ಲಿ ಮನೆಬಳಕೆಗೆ ಅದನ್ನ ಮಾರೋದನ್ನ 2019ರಲ್ಲೇ ನಿಲ್ಲಿಸಿದ್ರು. ಡಬ್ಬಿ ಮೇಲೆ ಆ ಹೆಸರಿದ್ರೆ ಮುಟ್ಲೇಬೇಡಿ. ಕೋಟಿಂಗ್ ಹೊಡೆಯುವಾಗಲೂ ಬಟ್ಟೆ ಮಾಸ್ಕ್ ಏನೂ ತಡೆಯಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ಪೇಂಟಿನ ಆವಿ ಹೀರೋ ಫಿಲ್ಟರ್) ಇರೋ ಮಾಸ್ಕೇ ಬೇಕು, ಕಿಟಕಿ ತೆಗ್ದು ಗಾಳಿ ಹೊರಗೆ ತಳ್ಳೋ ಹಂಗೆ ಫ್ಯಾನ್ ಇಡಿ, ಹತ್ರ ಉರಿ ಯಾವ್ದೂ ಇರ್ಬಾರ್ದು. ಮಕ್ಕಳು ಮರಿ ಅವತ್ತು ಬೇರೆ ಕಡೆ ಇರ್ಲಿ.

ದಪ್ಪಗೆ ಒಂದೇ ಸಲ ಬಳಿದ್ರೆ ಇಳೀತದೆ, ತೆಳ್ಳಗೆ ಎರಡು ಮೂರು ಸಲ ಹಚ್ಚಿ. ಮುಟ್ಟಿದ್ರೆ ಒಣಗಿದೆ ಅನ್ಸಿದ್ರೂ ನೀರು ಬಿಡ್ಬೇಡಿ, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಕಾಯ್ಲೇಬೇಕು. ಹೊಸ ಸಿಲಿಕೋನ್ ಆಮೇಲೆ. ಟಬ್ ಅಕ್ರಿಲಿಕ್ಕೋ ಫೈಬರ್‌ಗ್ಲಾಸೋ ಆಗಿದ್ರೆ ನೀರು ತುಂಬಿಟ್ಕೊಂಡು ಸಿಲಿಕೋನ್ ಹಾಕಿ, ಭಾರಕ್ಕೆ ಟಬ್ ಇಳಿದು ಸಂದು ಪೂರ್ತಿ ಬಾಯಿ ಬಿಟ್ಟಿರುತ್ತೆ, ಖಾಲಿ ಟಬ್‌ಗೆ ಹಾಕಿದ್ರೆ ಮೊದಲ ಸ್ನಾನಕ್ಕೇ ಕಿತ್ಕೊಳ್ಳೋ ಚಾನ್ಸ್ ಜಾಸ್ತಿ.

ಮುಂದೆ ಕ್ಲೀನಿಂಗ್‌ಗೆ ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತಗಿನ ಸ್ಪಂಜು, ಅಷ್ಟೇ ಸಾಕು. ಪೌಡರು, ಸ್ಟೀಲ್ ನಾರು, ಬ್ಲೀಚು ಬೇಡ, ಬ್ಲೀಚಿಗೆ ಆಸಿಡ್ ಕ್ಲೀನರ್ ಸೇರಿಸೋದಂತೂ ಬೇಡ್ವೇ ಬೇಡ, ವಿಷದ ಗ್ಯಾಸ್ ಬರುತ್ತೆ. ಜಾರಬಾರ್ದು ಅಂತ ಹಾಕೋ, ಅಡಿಯಲ್ಲಿ ಅಂಟ್ಕೊಳ್ಳೋ ಸಣ್ಣ ರಬ್ಬರ್ ಬಟ್ಟಲು (ಸಕ್ಷನ್ ಕಪ್) ಇರೋ ಮ್ಯಾಟೇ ಕೋಟಿಂಗ್‌ನ ದೊಡ್ಡ ಶತ್ರು, ಆ ಕಪ್‌ಗಳ ಅಡಿ ನೀರು ನಿಂತು ಅದೇ ಆಕಾರದಲ್ಲಿ ಸಿಪ್ಪೆ ಏಳುತ್ತೆ. ವಯಸ್ಸಾದೋರು ಇದ್ರೆ ಗೋಡೆಗೆ ಹಿಡಿ ಹಾಕ್ಸಿ, ಹಾಗೂ ಮ್ಯಾಟ್ ಬೇಕೇ ಬೇಕು ಅಂದ್ರೆ ಅಂಥ ಕಪ್ ಇಲ್ಲದ್ದು ತಂದು ಸ್ನಾನ ಆದ ಕೂಡ್ಲೇ ಎತ್ತಿ ಒಣಗಾಕಿ.