ನೀರಿನ ಪಾಯಿಂಟ್ ತೋರಿಸುವವರನ್ನು ಪರೀಕ್ಷೆ ಮಾಡುವುದು ಹೇಗೆ?

ನಮ್ಮ ಚಳ್ಳಕೆರೆ ಕಡೆ ಬೋರ್ ಕೊರೆಸುವ ಮುಂಚೆ ಪಾಯಿಂಟ್ ನೋಡುವವರನ್ನು ಕರೆಸುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತಲ್ಲಿ ನೀರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ‘ಮೇಷ್ಟ್ರೇ, ಇದು ನಿಜಾನಾ?’ ಅಂತ ಯಾರಾದರೂ ಕೇಳುತ್ತಲೇ ಇರುತ್ತಾರೆ. ಸುಮ್ನೆ ವಾದ ಯಾಕೆ, ಪರೀಕ್ಷೆ ಮಾಡಿ.

ಬೋರಿನಲ್ಲಿ ನೀರು ಬಿತ್ತು ಅನ್ನುವುದು ಪುರಾವೆ ಅಲ್ಲ. ಹತ್ತು ಮಾರು ಆಚೆ ಕೊರೆಸಿದ್ದರೂ ಬೀಳುತ್ತಿತ್ತೋ ಏನೋ, ಯಾರು ನೋಡಿದ್ದಾರೆ? ಫೇಲಾದ ಬೋರನ್ನು ನಮ್ಮ ಗ್ರಹಚಾರಕ್ಕೆ ಹಾಕುತ್ತೇವೆ. ನೀರು ಬಂದರೆ ಮಾತ್ರ ಪಾಯಿಂಟ್ ತೋರಿಸಿದ ಅಜ್ಜನ ಕೈಗುಣ!

ಮೊದಲು ಅಜ್ಜನ ಜೊತೆ ಕೂತು ಟೀ ಕುಡಿಯಿರಿ. ‘ಅಜ್ಜಾ, ಮುಚ್ಚಿಟ್ಟ ಬಕೆಟ್ಟಿನ ನೀರು ನಿಮಗೆ ಗೊತ್ತಾಗುತ್ತಾ?’ ಅಂತ ಕೇಳಿ. ಹರಿಯುವ ನೀರೇ ಬೇಕು ಅಂದರೆ ಪೈಪ್ ಹೂಳಬೇಕಾಗುತ್ತದೆ. 1990ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಹಾಗೇ ಮಾಡಿದ್ದರು. ನೆಲದಡಿ 50 ಸೆಂಟಿಮೀಟರ್ ಆಳದಲ್ಲಿ ಪೈಪ್, ನೀರು ಬಿಡುವುದು, ನಿಲ್ಲಿಸುವುದು. 30 ಜನ ಪ್ರಯತ್ನಿಸಿದರು, ಫಲಿತಾಂಶ ಊಹೆಗಿಂತ ಮೇಲೇಳಲಿಲ್ಲ. ಅಜ್ಜ ಒಪ್ಪಿದ್ದನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಆಮೇಲೆ ‘ಇವತ್ತು ಅಮಾವಾಸ್ಯೆ’ ಅನ್ನುವ ಮಾತು ಬರಬಾರದು.

ಬಕೆಟ್ ಸಾಕು ಅಂದರೆ ಒಂದೇ ಥರದವು ಹತ್ತು ತನ್ನಿ. ಒಂದರಲ್ಲಿ ನೀರು, ಉಳಿದವುಗಳಲ್ಲಿ ಒಣ ಮರಳು. ನೀರಿನ ಬಕೆಟ್ ಹೊರಗೆ ಬೆವರುತ್ತದೆ, ಅದಕ್ಕೇ ಎಲ್ಲದರ ಮೇಲೂ ರಟ್ಟಿನ ಡಬ್ಬ ಬೋರಲು ಹಾಕಿ. ನೆಲದ ಮೇಲೆ ಚೆಲ್ಲಿದ ಹನಿ, ಹೆಜ್ಜೆ ಗುರುತು ಎಲ್ಲ ಕಳ್ಳದಾರಿಗಳೇ. ಪ್ರತಿ ಸುತ್ತಿಗೂ ಪೂರ್ತಿ ಅಂಗಳ ಗುಡಿಸಿ.

ನೀರು ಯಾವ ಜಾಗದಲ್ಲಿ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಎತ್ತಿದ ಚೀಟಿ ಮತ್ತೆ ಡಬ್ಬಿಗೆ ಹೋಗಲಿ. ಮನಸ್ಸಿಗೆ ಬಂದ ಕಡೆ ಇಡಬೇಡಿ, ನಾವು ತುದಿಗಳನ್ನು ಬಿಟ್ಟು ನಡುವೆಯೇ ಇಡುತ್ತೇವೆ.

ಇಟ್ಟವರು ಅಲ್ಲಿ ನಿಲ್ಲಲೇಬಾರದು. ಇದರಲ್ಲೇ ಜಾಸ್ತಿ ಜನ ಎಡವುವುದು. ಬರ್ಲಿನ್‌ನಲ್ಲಿ ಹ್ಯಾನ್ಸ್ ಅನ್ನುವ ಕುದುರೆ ಗೊರಸು ಬಡಿದು ಲೆಕ್ಕ ಹೇಳುತ್ತಿತ್ತು. 1907ರಲ್ಲಿ ಓಸ್ಕರ್ ಫುಂಗ್ಸ್ಟ್ ಪತ್ತೆ ಮಾಡಿದರು: ಸರಿ ಉತ್ತರ ಬಂದಾಗ ಕೇಳಿದವರ ತಲೆ ತಮಗೇ ಗೊತ್ತಿಲ್ಲದೆ ಒಂಚೂರು ಅಲುಗುತ್ತಿತ್ತು, ಕುದುರೆ ಅದನ್ನು ನೋಡುತ್ತಿತ್ತು. ಕುದುರೆಗೇ ಕಾಣುವುದು ಅಜ್ಜನಿಗೆ ಕಾಣದೆ ಇರುತ್ತಾ? ಹಾಗಾಗಿ ಅಜ್ಜನ ಜೊತೆ ಇರುವವರಿಗೂ ಉತ್ತರ ಗೊತ್ತಿರಬಾರದು.

ಹತ್ತು ಸುತ್ತು ಮಾಡಿ. ಸುಮ್ನೆ ಊಹಿಸಿದರೂ ಸರಾಸರಿ ಒಂದು ಸರಿಯಾಗುತ್ತದೆ. ಮೂರೋ ಜಾಸ್ತಿಯೋ ಸರಿಯಾಗುವ ಸಾಧ್ಯತೆ ನೂರಕ್ಕೆ 7, ಅದೇನು ದೊಡ್ಡದಲ್ಲ. ಐದು ಅಥವಾ ಅದಕ್ಕಿಂತ ಹೆಚ್ಚು ಬರುವುದು ಸುಮಾರು 600ರಲ್ಲಿ ಒಂದು ಸಲ. ಐದನ್ನೇ ಪಾಸ್ ಮಾರ್ಕ್ ಅಂತ ಮುಂಚೆಯೇ ಬರೆದಿಡಿ.

ಶುರು ಮಾಡುವ ಮುಂಚೆ ಒಂದು ಸುತ್ತು ಡಬ್ಬ ತೆಗೆದು ತೋರಿಸಿಯೇ ಮಾಡಿಸಿ. ನೀರು ಎಲ್ಲಿದೆ ಅಂತ ಗೊತ್ತಿದ್ದಾಗಲೂ ಕಾಯಿ ಏಳದಿದ್ದರೆ ಅಜ್ಜನೇ ‘ಇವತ್ತು ಬೇಡ’ ಅನ್ನಲಿ. ಎದ್ದರೆ, ಮುಚ್ಚಿ ಶುರು ಮಾಡಿ.